ಮಡುವಿನ ಗುಣ

ಹೊಳೆ ನೋಡುವುದಾದರೆ ಬೇಸಿಗೆಯ ಕೊನೆಯಲ್ಲಿ ನೋಡಬೇಕು. ಜುಲೈ ತಿಂಗಳಲ್ಲಿ ಘಟ್ಟದ ಎಲ್ಲ ಹಳ್ಳವೂ ದೊಡ್ಡ ಹೊಳೆಯೇ, ಎಲ್ಲ ಹೊಂಡವೂ ಆಳದ ಮಡುವೇ. ಕೆಂಪು ನೀರು ದಡದಿಂದ ದಡಕ್ಕೆ ತುಂಬಿ ಒಳಗಿನ ಏರುತಗ್ಗುಗಳನ್ನೆಲ್ಲ ಒಂದೇ ಸಮ ಮುಚ್ಚಿಬಿಟ್ಟಿರುತ್ತದೆ. ಮಾರ್ಚ್ ಕಳೆದು ಏಪ್ರಿಲ್ ಕಾಲಿಟ್ಟ ಮೇಲೆ ಗುಟ್ಟು ಒಂದೊಂದಾಗಿ ಹೊರಬೀಳುತ್ತದೆ. ಹರಿವು ಸಣ್ಣ ಎಳೆಯಾಗುತ್ತದೆ. ಕಲ್ಲುಗಳ ನಡುವಿನ ತೆಳುನೀರು ಆರುತ್ತದೆ. ಕೊನೆಗೆ ಅಲ್ಲೊಂದು ಇಲ್ಲೊಂದು ಮಡು ಮಾತ್ರ ಉಳಿಯುತ್ತದೆ. ಅಷ್ಟುದ್ದದ ಹೊಳೆಯಲ್ಲಿ ಹರಡಿಕೊಂಡಿದ್ದ ಮೀನುಗಳೆಲ್ಲ ಈಗ ಆ ಕೆಲವೇ ಮಡುಗಳಲ್ಲಿ. ಮುಂದಿನ ಮಳೆಗೆ ಹೊಳೆಯನ್ನು ಮತ್ತೆ ತುಂಬಬೇಕಾದ ಸಂತಾನವೂ ಅಲ್ಲೇ. ಒಂದು ಮಡು ಒಳ್ಳೆಯದೋ ಅಲ್ಲವೋ ಎಂಬ ಪ್ರಶ್ನೆಗೆ ಈ ದಿನಗಳು ಕೊಡುವಷ್ಟು ನೇರವಾದ ಉತ್ತರವನ್ನು ಬೇರೆ ಯಾವ ಕಾಲವೂ ಕೊಡುವುದಿಲ್ಲ.

ಮಡುವಿನ ಚೆಲುವನ್ನು ಕಂಡು ಮೆಚ್ಚುವವರು ಬಹಳ. ಅದರ ಗುಣವನ್ನು ಅಳೆದು ಹೇಳುವವರೂ ಇದ್ದಾರೆ. ಹೊಳೆಯ ವಿಜ್ಞಾನದಲ್ಲಿ ಅದೊಂದು ಬೆಳೆದ ವಿದ್ಯೆ. ಅಳತೆಗೋಲು ಇಳಿಸಿದರೆ ಸೊಗಸು ಕೆಡುತ್ತದೆಂದು ಕೆಲವರು ಅಂಜುತ್ತಾರೆ. ನನಗೆ ಹಾಗನ್ನಿಸಿಲ್ಲ. ಆಳ ಎಷ್ಟು, ಮರೆ ಎಲ್ಲಿದೆ, ತಳದಲ್ಲಿ ಕಲ್ಲೋ ಕೆಸರೋ ಎಂದು ಕೇಳುತ್ತ ಹೋದಂತೆ ಅದೇ ಮಡು ಇನ್ನಷ್ಟು ಚೆಂದ ಕಾಣುತ್ತದೆ. ಕಣ್ಣಿಗೆ ಹಿತವೆನಿಸಿದ್ದು ಮೀನಿಗೂ ಯಾಕೆ ಹಿತ ಎಂದು ತಿಳಿದಾಗ ಆಗುವ ಸಂತೋಷವೇ ಬೇರೆ.

ಬೆಳ್ತಂಗಡಿ ತಾಲೂಕಿನ ಶಿಶಿಲಕ್ಕೆ ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಎತ್ತಿನಭುಜ, ಅಮೇದಿಕಲ್ಲುಗಳ ಬುಡದ ಊರು. ಘಟ್ಟದಿಂದಿಳಿದ ಕಪಿಲಾ ನದಿ ಶಿಶಿಲೇಶ್ವರ ದೇವಸ್ಥಾನದ ಪಕ್ಕದಲ್ಲೇ ಹರಿಯುತ್ತದೆ. ಅಲ್ಲಿನ ಮೀನನ್ನು ಯಾರೂ ಹಿಡಿಯುವುದಿಲ್ಲ. ಅವು ದೇವರ ಮೀನುಗಳು. ತುಳುವಿನಲ್ಲಿ ಪೆರುವೋಳು ಎನ್ನುತ್ತಾರೆ, ಪುಸ್ತಕದ ಹೆಸರು ಮಹಶೀರ್. ಮೆಟ್ಟಿಲ ಬಳಿ ನಿಂತು ಒಂದು ಹಿಡಿ ಹೊದಲು ಎರಚಿದರೆ ಕಪ್ಪು ಬೆನ್ನುಗಳು ಒಂದರ ಮೇಲೊಂದು ಏರಿ ಬರುತ್ತವೆ. ನೀರು ಕುದಿಯುತ್ತದೆ, ದುಂಡು ಬಾಯಿಗಳು ತೆರೆದು ಮುಚ್ಚುತ್ತವೆ. ಬಂದವರೆಲ್ಲ ನೋಡುವುದು ಇದನ್ನೇ, ನೋಡತಕ್ಕದ್ದೂ ಹೌದು. ಆದರೆ ಆ ಗದ್ದಲದಿಂದ ಕಣ್ಣು ಕಿತ್ತು ಸ್ವಲ್ಪ ಮೇಲುಗಡೆ, ನೀರು ಮಡುವಿಗೆ ಇಳಿಯುವ ಜಾಗದತ್ತ ನೋಡಬೇಕು. ಅಲ್ಲಿ ಹೊದಲಿನ ಗೊಡವೆಗೆ ಬಾರದ ಮೀನು ಸಿಗುತ್ತದೆ. ಹರಿವಿಗೆ ಮುಖ ಮಾಡಿ, ಬಾಲವನ್ನು ಆಗೊಮ್ಮೆ ಈಗೊಮ್ಮೆ ಅಲುಗಿಸುತ್ತ ನಿಂತಿರುತ್ತದೆ. ಮುಂದೆ ಹೋಗುವುದಿಲ್ಲ, ಹಿಂದೆ ಸರಿಯುವುದೂ ಇಲ್ಲ. ಒಮ್ಮೆ ಪಕ್ಕಕ್ಕೆ ಹೊರಳುತ್ತದೆ. ದೊಡ್ಡ ಹುರುಪೆಗಳ ಮೇಲೆ ಬಿಸಿಲು ಬಿದ್ದು ಕಂಚಿನ ಬಣ್ಣ ಮಿಂಚುತ್ತದೆ. ತೇಲಿಬಂದ ಏನನ್ನೋ ಬಾಯಿಗೆ ಹಾಕಿಕೊಂಡು ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ.

ಆ ಜಾಗಕ್ಕೊಂದು ಗುರುತಿದೆ: ನೊರೆಯ ಗೆರೆ. ಮೇಲಿನ ಕಲ್ಲುಸಾಲಿನಿಂದ ರಭಸವಾಗಿ ಬಂದ ನೀರು ಮಡುವಿನ ನಿಧಾನದ ನೀರನ್ನು ಸೇರುವಲ್ಲಿ ಎರಡರ ಗಡಿ ಎದ್ದು ಕಾಣುತ್ತದೆ. ಗುಳ್ಳೆ, ಒಣಗಿದ ಎಲೆ, ಹೂವಿನ ಎಸಳು, ಸತ್ತ ಹುಳ, ಎಲ್ಲವೂ ಆ ಗೆರೆಯಗುಂಟ ಸಾಗುತ್ತವೆ. ಮೀನು ನಿಧಾನದ ನೀರಿನಲ್ಲಿ ನಿಂತು ರಭಸದ ನೀರು ತಂದದ್ದನ್ನು ತಿನ್ನುತ್ತದೆ. ಶ್ರಮ ಕಡಿಮೆ, ಊಟ ಹೆಚ್ಚು. ಒಂದು ತರಗೆಲೆಯನ್ನು ಮಡುವಿನ ತಲೆಯಲ್ಲಿ ಬಿಟ್ಟು ಅದು ಎಲ್ಲಿ ಓಡುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲಿ ಸುತ್ತು ಹಾಕಿ ಹಿಂದಕ್ಕೆ ಬರುತ್ತದೆ ಎಂದು ನೋಡಿದರೆ ಮಡುವಿನ ಒಳಗಿನ ಹಾದಿಗಳೆಲ್ಲ ಮೇಲೆಯೇ ಬರೆದಂತೆ ಕಾಣುತ್ತವೆ. ಒಳ್ಳೆಯ ಮಡುವಿನಲ್ಲಿ ಇಂಥ ಹಾದಿ ಒಂದಲ್ಲ, ಹಲವು. ತಲೆಯಲ್ಲಿ ನೀರು ನುಗ್ಗುತ್ತದೆ, ಹೊಟ್ಟೆಯಲ್ಲಿ ಆಳವಾಗಿ ನಿಲ್ಲುತ್ತದೆ, ಬಾಲದಲ್ಲಿ ತೆಳುವಾಗಿ ಹರಡಿ ಮುಂದಿನ ಕಲ್ಲುಸಾಲಿಗೆ ಇಳಿಯುತ್ತದೆ. ದೊಡ್ಡ ಮೀನಿಗೆ ಹೊಟ್ಟೆ ಬೇಕು, ತಿನ್ನುವ ಹೊತ್ತಿಗೆ ತಲೆ ಬೇಕು, ಮರಿಗಳಿಗೆ ಬಾಲದ ಅಂಚಿನ ಬೆಚ್ಚನೆಯ ತೆಳುನೀರು ಬೇಕು. ಮೂರೂ ಇರುವ ಮಡುವಿನಲ್ಲಿ ಮೂರು ತಲೆಮಾರಿನ ಮೀನು ಒಟ್ಟಿಗೆ ಬಾಳುತ್ತವೆ.

ಆಳದ ಮಾತಿಗೆ ಬರೋಣ. ಎಲ್ಲರೂ ಮೊದಲು ಕೇಳುವುದು ಅದನ್ನೇ. ಆದರೆ ಯಾವ ದಿನದ ಆಳ? ನಿನ್ನೆ ಮಳೆ ಬಂದಿದ್ದರೆ ಒಂದು, ವಾರ ಬಿಸಿಲು ಕಾದಿದ್ದರೆ ಇನ್ನೊಂದು. ಈ ತೊಡಕಿಗೆ ಥಾಮಸ್ ಲೈಲ್ ಎಂಬ ಅಮೆರಿಕದ ವಿಜ್ಞಾನಿ 1987ರಲ್ಲಿ ಸೊಗಸಾದ ಪರಿಹಾರ ಕೊಟ್ಟರು. ಮಡುವಿನ ಬಾಲದಲ್ಲಿ, ನೀರು ಹೊರಹೋಗುವ ಅಂಚಿನಲ್ಲಿ, ನೆಲ ಎದ್ದು ನಿಂತ ಏರು ಇರುತ್ತದಲ್ಲ, ಅದನ್ನು ಮಡುವಿನ ಹೊಸ್ತಿಲು ಅನ್ನೋಣ. ಮಡುವಿನ ಅತಿ ಆಳದ ಜಾಗವನ್ನು ಅಳೆಯಿರಿ, ಹೊಸ್ತಿಲ ಮೇಲಿನ ನೀರನ್ನೂ ಅಳೆಯಿರಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಆಳದಲ್ಲಿ 9 ಅಡಿ, ಹೊಸ್ತಿಲ ಮೇಲೆ 1 ಅಡಿ ಇದ್ದರೆ ಉಳಿಯುವುದು 8. ಹರಿವು ಹೆಚ್ಚಿದಾಗ ಎರಡೂ ಏರುತ್ತವೆ, ತಗ್ಗಿದಾಗ ಎರಡೂ ಇಳಿಯುತ್ತವೆ. ಆದ್ದರಿಂದ ಯಾವ ದಿನ ಅಳೆದರೂ ಹೆಚ್ಚುಕಡಿಮೆ ಅದೇ 8. ಹೊಳೆಯ ಹರಿವು ಪೂರ್ತಿ ನಿಂತುಹೋದರೂ ಮಡುವಿನಲ್ಲಿ ಉಳಿಯಬಲ್ಲ ಆಳ ಅದು. ಒಂದು ಕೋಲು, ಒಂದು ಕಳೆಯುವ ಲೆಕ್ಕ, ಅಷ್ಟರಲ್ಲಿ ಮಡುವಿನ ಸ್ವಂತದ್ದು ಯಾವುದು, ಹೊಳೆ ಆ ದಿನಕ್ಕೆ ಕೊಟ್ಟ ಕಡ ಯಾವುದು ಎಂದು ಬೇರೆಯಾಗಿ ನಿಲ್ಲುತ್ತದೆ. “ಈ ಗುಂಡಿ ಬತ್ತಿದ್ದನ್ನು ನಮ್ಮ ಅಜ್ಜನೂ ನೋಡಿಲ್ಲ ಮಾರಾಯ್ರೆ” ಎಂದು ಹೊಳೆಬದಿಯ ತೋಟದವರು ಹೇಳುತ್ತಾರಲ್ಲ, ಅವರು ಹೇಳುತ್ತಿರುವುದೂ ಈ ಸಂಖ್ಯೆಯನ್ನೇ.

ಆದರೆ ಆಳವೊಂದೇ ಸಾಲದು. 1983ರಲ್ಲಿ ಅಮೆರಿಕದ ಅರಣ್ಯ ಇಲಾಖೆ ಪ್ರಕಟಿಸಿದ ಒಂದು ಕೈಪಿಡಿಯಲ್ಲಿ ಪ್ಲಾಟ್ಸ್, ಮೆಗಹಾನ್, ಮಿನ್‌ಶಾಲ್ ಎಂಬ ಮೂವರು ಮಡುವಿಗೆ 1ರಿಂದ 5ರವರೆಗೆ ಅಂಕ ಕೊಡುವ ಕ್ರಮವನ್ನು ವಿವರಿಸಿದ್ದಾರೆ. ಅವರು ಕೇಳುವುದು ಮೂರೇ ಮಾತು: ಹೊಳೆಯ ಅಗಲಕ್ಕೆ ಹೋಲಿಸಿದರೆ ಮಡು ಎಷ್ಟು ದೊಡ್ಡದು, ಎಷ್ಟು ಆಳ, ಮೀನಿಗೆ ಮರೆ ಎಷ್ಟು. ಆ ಕ್ರಮದಲ್ಲಿ ನನಗೆ ತುಂಬ ಹಿಡಿಸಿದ್ದು ಒಂದು ಅಂಶ. ಹೊಳೆಯ ಅಗಲವನ್ನು ಮೀರಿದ ದೊಡ್ಡ ಮಡು 3 ಅಡಿಗಿಂತ ಆಳವಿದ್ದರೆ ಅದಕ್ಕೆ ಪೂರ್ತಿ 5 ಅಂಕ. ಆಳ 2 ಅಡಿ ದಾಟಿದ್ದರೂ ಸಾಕು, ಮರೆ ಧಾರಾಳವಾಗಿದ್ದರೆ ಅದಕ್ಕೂ 5. ಮರೆ ಇಲ್ಲದಿದ್ದರೆ ಒಂದು ಅಂಕ ಕಡಿತ. ಅಂದರೆ ಆಳಕ್ಕೆ ಬದಲಾಗಿ ಮರೆ ನಿಲ್ಲಬಲ್ಲದು. ಆ ಅಡಿಗಳ ಲೆಕ್ಕ ಅಲ್ಲಿನ ಟ್ರೌಟ್ ಮೀನಿನ ತೊರೆಗಳಿಗೆ ಹೊಂದಿಸಿದ್ದು. ನಮ್ಮ ಪೆರುವೋಳಿನ ಗಾತ್ರಕ್ಕೆ ಅಳತೆ ಬೇರೆಯೇ ಬೇಕು. ಆದರೂ ಅದರ ಹಿಂದಿನ ತಿಳಿವಳಿಕೆ ಘಟ್ಟದ ಯಾವ ಹಳ್ಳಕ್ಕೂ ಒಪ್ಪುತ್ತದೆ. ಮೀನಿಗೆ ಆಳ ಬೇಕಾಗಿರುವುದು ಬಚ್ಚಿಟ್ಟುಕೊಳ್ಳಲೂ ಹೌದು.

ಬೇಸಿಗೆಯ ಮಡುವಿಗೆ ಬರುವ ಅತಿಥಿಗಳನ್ನು ನೆನೆದರೆ ಮರೆಯ ಬೆಲೆ ಗೊತ್ತಾಗುತ್ತದೆ. ಹಗಲು ಮಿಂಚುಳ್ಳಿ, ನೀರುಕಾಗೆ, ಕೊಕ್ಕರೆ. ಕತ್ತಲಾದ ಮೇಲೆ ಮೀನುಗೂಬೆ. ಬಂದರೆ ಇಡೀ ಸಂಸಾರ ಸಮೇತ ಬರುವ ನೀರುನಾಯಿ. ಬಯಲಾಗಿ ಬಿದ್ದ ಮಡುವಿನಲ್ಲಿ ಮೀನು ಇವರಿಗೆಲ್ಲ ಸುಲಭದ ತುತ್ತು. ಘಟ್ಟದ ಹಳ್ಳಗಳಲ್ಲಿ ಮರೆ ಬಗೆಬಗೆಯಲ್ಲಿ ಸಿಗುತ್ತದೆ. ಹಾಸುಬಂಡೆಯ ಕೆಳಗೆ ನೀರು ಕೊರೆದ ಪೊಟರೆ ಒಂದು ಬಗೆ. ದಡದ ಮಣ್ಣು ಕೊಚ್ಚಿಹೋಗಿ ಮೇಲೆ ಬೇರಿನ ಬಲೆ ಮಾತ್ರ ಉಳಿದು, ಅದರಡಿ ಕತ್ತಲ ಗೂಡಾದದ್ದು ಇನ್ನೊಂದು. ಹೊಳೆಮತ್ತಿಯ ಬುಡದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಕಳೆದ ಮಳೆಗೆ ಬುಡಮೇಲಾಗಿ ಬಿದ್ದ ಮರ ಮಡುವಿಗೆ ಅಡ್ಡವಾಗಿ ಒರಗಿದ್ದರೆ ಅದರ ಕೊಂಬೆಗಳ ನಡುವೆ ಮರಿಮೀನುಗಳ ಊರೇ ನೆಲೆಸುತ್ತದೆ. ಹೊಳೆ ಚೊಕ್ಕಟವಾಗಲಿ ಎಂದು ಅಂಥ ಮರವನ್ನು ಎಳೆದು ಸೌದೆ ಮಾಡುವುದುಂಟು. ಮೀನಿನ ಕಡೆಯಿಂದ ನೋಡಿದರೆ ಅದು ಚಾವಣಿ ಕಿತ್ತ ಹಾಗೆ. ನೀರು ಧುಮುಕುವಲ್ಲಿ ಏಳುವ ಗುಳ್ಳೆಗಳ ಬಿಳಿ ತೆರೆಯೂ ಒಂದು ಮರೆಯೇ; ಮೇಲಿನ ಹಕ್ಕಿಗೆ ಅದರಡಿ ಏನೂ ಕಾಣದು.

ದಡದ ಮರ ಮರೆಯ ಜೊತೆಗೆ ಊಟವನ್ನೂ ಕೊಡುತ್ತದೆ. ಅತ್ತಿಯೋ ನೇರಳೆಯೋ ನೀರಿನ ಮೇಲೆ ಬಾಗಿದ್ದರೆ ಹಣ್ಣಿನ ಕಾಲಕ್ಕೆ ಅದರ ಕೆಳಗೆ ನಿಂತು ನೋಡಬೇಕು. ಹಣ್ಣು ಬಿದ್ದ ಸದ್ದಾಗುತ್ತದೆ, ಉಂಗುರದಂತೆ ಅಲೆ ಏಳುತ್ತದೆ, ಆ ಅಲೆ ದಡ ಮುಟ್ಟುವ ಮೊದಲೇ ಕೆಳಗಿನಿಂದ ಒಂದು ಕಪ್ಪು ಬೆನ್ನು ಎದ್ದು ಹಣ್ಣು ಮಾಯವಾಗುತ್ತದೆ. ಮಹಶೀರ್ ಏಡಿ, ಹುಳ, ಸಣ್ಣ ಮೀನಿನಂತೆ ಹಣ್ಣನ್ನೂ ತಿನ್ನುವ ಮೀನು. ಹೀಗೆ ಮಡುವಿನ ಗುಣದಲ್ಲಿ ದಡದ ಕಾಡಿನದೂ ಒಂದು ಪಾಲು.

ಆ ಮರಗಳ ನೆರಳು ಮಾಡುವ ಕೆಲಸ ಇನ್ನೂ ದೊಡ್ಡದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಅದು 7.5ರ ಆಸುಪಾಸಿಗೆ ಇಳಿಯುತ್ತದೆ. ಮೀನಿಗೆ ಮಾತ್ರ ಬಿಸಿನೀರಿನಲ್ಲೇ ಉಸಿರು ಹೆಚ್ಚು ಬೇಕು. ಏಪ್ರಿಲಿನ ಮಟಮಟ ಮಧ್ಯಾಹ್ನ, ಹರಿವು ನಿಂತ ಮಡುವಿನಲ್ಲಿ ಈ ಎರಡೂ ಒಟ್ಟಿಗೆ ಒತ್ತುತ್ತವೆ. ಆಗ ಮಡುವನ್ನು ಕಾಯುವುದು ಮೇಲಿನ ನೆರಳು ಮತ್ತು ಕೆಳಗಿನ ಒರತೆ. ಸೊಂಟದ ಮಟ್ಟದ ನೀರಿನಲ್ಲಿ ಕಾಲಾಡಿಸುತ್ತ ಹೋದರೆ ಒಂದೆಡೆ ಇದ್ದಕ್ಕಿದ್ದಂತೆ ಪಾದಕ್ಕೆ ತಣ್ಣಗೆ ತಾಗುತ್ತದೆ. ಹಿಂದಿನ ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಬಂಡೆಯ ಸಂದಿಯಿಂದ ಈಗ ಒಸರುತ್ತಿರುತ್ತದೆ. ಬಿಸಿಲೇರಿದ ಹೊತ್ತಿನಲ್ಲಿ ದೊಡ್ಡ ಮೀನುಗಳನ್ನು ಅಂಥ ತಂಪಿನ ಸುತ್ತ ಹುಡುಕಬೇಕು. ಮಡುವಿನ ಹಿಂದೆ ಗುಡ್ಡವಿದೆ, ಗುಡ್ಡದ ಮೇಲೆ ಕಾಡಿದೆ ಎಂಬುದು ಪಾದಕ್ಕೆ ತಿಳಿಯುವ ಬಗೆ ಇದು.

ಇನ್ನು ತಳ. ನನ್ನ ಮಟ್ಟಿಗೆ ಮಡುವಿನ ನಿಜವಾದ ಪರೀಕ್ಷೆ ಇಲ್ಲಿದೆ. ತಿಳಿನೀರಿನ ಮಡುವಿನ ತಳವನ್ನು ಬಿಸಿಲು ನೇರವಾಗಿ ಬಿದ್ದಾಗ ನೋಡಿದರೆ ದೊಡ್ಡ ಗುಂಡುಗಳು, ಅವುಗಳ ನಡುವೆ ಮುಷ್ಟಿಗಾತ್ರದ ಕಲ್ಲು, ಅವುಗಳ ನಡುವೆ ಜಲ್ಲಿ, ಎಲ್ಲದರ ಸುತ್ತ ಖಾಲಿ ಸಂದಿಗಳು ಕಾಣಬೇಕು. ಆ ಸಂದಿಗಳಲ್ಲೇ ಜೀವ ತುಂಬಿರುತ್ತದೆ. ಒಂದು ಕಲ್ಲನ್ನು ಮೆಲ್ಲಗೆ ಎತ್ತಿ ತಿರುಗಿಸಿ. ಅಡಿಯಲ್ಲಿ ಮರಳಿನ ಕಾಳುಗಳನ್ನು ತನ್ನದೇ ರೇಷ್ಮೆಯಿಂದ ಅಂಟಿಸಿ ಕೊಳವೆ ಕಟ್ಟಿಕೊಂಡ ಪುಟ್ಟ ಹುಳವೊಂದು ತಲೆ ಹೊರಹಾಕಿ ಒಳಸೇರುತ್ತದೆ. ಪಕ್ಕದಲ್ಲಿ ಚಪ್ಪಟೆ ಮೈಯ, ಮೂರೆಳೆ ಬಾಲದ ಮರಿಹುಳ ಕಲ್ಲಿನ ಇನ್ನೊಂದು ಮಗ್ಗುಲಿಗೆ ಜಾರುತ್ತದೆ. ಇವೆಲ್ಲ ಮೀನಿನ ಊಟ. ನೋಡಿದ ಮೇಲೆ ಕಲ್ಲನ್ನು ಹಾಗೆಯೇ ಮಗುಚಿ ಇಡಬೇಕು. ಮಡುವಿನ ಬಾಲದ ಜಲ್ಲಿಯಲ್ಲಿ ನೀರು ಕಲ್ಲಿನ ಸಂದಿಗಳೊಳಗೆ ಇಳಿದು ಹಾಯುವುದರಿಂದ ಜಲ್ಲಿಯ ಮೇಲೆ ಇಟ್ಟ ಮೊಟ್ಟೆಗೆ ಉಸಿರು ಸಿಗುತ್ತದೆ. ಸಂದಿಗೆ ಮಣ್ಣು ಕೂತರೆ ಹುಳವೂ ಇಲ್ಲ, ಮೊಟ್ಟೆಗೆ ಉಸಿರೂ ಇಲ್ಲ.

ಈ ಮಣ್ಣನ್ನು ಅಳೆಯುವ ವಿಧಾನವನ್ನೂ ಲೈಲ್ ಅವರೇ, ಸ್ಯೂ ಹಿಲ್ಟನ್ ಜೊತೆ ಸೇರಿ, 1992ರಲ್ಲಿ ವಿವರಿಸಿದರು. ಗುರುತು ಹಾಕಿದ ಕಬ್ಬಿಣದ ಸರಳನ್ನು ಮಡುವಿನ ತಳಕ್ಕೆ ಚುಚ್ಚಬೇಕು. ಹೂಳಿನಲ್ಲಿ ಅದು ಮೆತ್ತಗೆ ಇಳಿಯುತ್ತದೆ, ಕೆಳಗಿನ ಗಟ್ಟಿ ಕಲ್ಲಿಗೆ ತಾಗಿದಾಗ ಕೈಗೆ ಠಣ್ ಎಂದು ತಿಳಿಯುತ್ತದೆ. ಹೀಗೆ ಉದ್ದಗಲಕ್ಕೆ ಚುಚ್ಚುತ್ತ ಹೋಗಿ, ನೀರಿರಬೇಕಾದ ಜಾಗದಲ್ಲಿ ಎಷ್ಟು ಪಾಲು ಹೂಳು ಆಕ್ರಮಿಸಿದೆ ಎಂದು ಲೆಕ್ಕ ಹಾಕುತ್ತಾರೆ. ಲೆಕ್ಕ ಸೊನ್ನೆಯ ಹತ್ತಿರ ಬಂದರೆ ಮಡು ಶುದ್ಧ, 0.5 ಬಂದರೆ ಅರ್ಧ ಮಡು ಆಗಲೇ ಹೋಯಿತು. ಮೇಲಿನಿಂದ ನೋಡುವವರಿಗೆ ಎರಡೂ ಒಂದೇ ಥರದ ನೀಲಿನೀರು. ಸರಳಿನ ತುದಿಗೆ ಮಾತ್ರ ವ್ಯತ್ಯಾಸ ಗೊತ್ತು.

ಮಡು ತುಂಬಿಹೋಗದೆ ಉಳಿಯುವುದೇ ಒಂದು ಅಚ್ಚರಿ. ತಗ್ಗಿನ ಜಾಗಕ್ಕೆ ಮಣ್ಣು ಬಂದು ಕೂರಬೇಕಾದ್ದು ಸಹಜ. ಬೇಸಿಗೆಯಲ್ಲಿ ಕಲ್ಲುಸಾಲಿನ ಮೇಲೆ ನೀರು ಓಡುತ್ತದೆ, ಮಡುವಿನಲ್ಲಿ ಮಲಗುತ್ತದೆ. ನೆರೆ ಬಂದಾಗ ಇದು ಅದಲುಬದಲಾಗುತ್ತದೆ, ಮಡುವಿನ ತಳದಲ್ಲೇ ವೇಗ ಹೆಚ್ಚಿ ಅಲ್ಲಿ ಕೂತದ್ದನ್ನೆಲ್ಲ ಎಬ್ಬಿಸಿ ಮುಂದೆ ಒಯ್ಯುತ್ತದೆ ಎಂದು ಎಡ್ವರ್ಡ್ ಕೆಲರ್ 1971ರಲ್ಲಿ ವಿವರಿಸಿದರು. ಎಲ್ಲ ಹೊಳೆಗೂ ಅದು ಹೊಂದುತ್ತದೆಯೇ ಎಂಬ ಚರ್ಚೆ ಆಮೇಲೆ ನಡೆದಿದೆ. ಆದರೆ ಮಡುವನ್ನು ಕೊರೆಯುವುದೂ ತೊಳೆಯುವುದೂ ದೊಡ್ಡ ನೆರೆಯೇ ಎಂಬುದರಲ್ಲಿ ಅನುಮಾನವಿಲ್ಲ. ನಾವು ಏಪ್ರಿಲಿನಲ್ಲಿ ಮೆಚ್ಚುವ ನೆಮ್ಮದಿಯ ನೀರು ಆಷಾಢದ ಆರ್ಭಟದ ಫಲ.

ಆ ನೆರೆಯ ಕೈಗೂ ಮೀರಿದಷ್ಟು ಮಣ್ಣು ಬಂದರೆ? 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಜೋಡುಪಾಲದ ಕಡೆಯಿಂದ ಪಯಸ್ವಿನಿಗೆ ಮಣ್ಣು, ಬಂಡೆ, ಮರದ ದಿಮ್ಮಿಗಳು ಒಟ್ಟಿಗೆ ಇಳಿದುಬಂದವು. ಒಂದು ಗುಡ್ಡದ ಗಾಯ ಇಡೀ ಹೊಳೆಯ ತಳಕ್ಕೆ ಇಳಿಯುವುದು ಹೀಗೆ. ರಸ್ತೆಗೆ ಕಡಿದ ಗುಡ್ಡ, ಕಾಡು ಬೋಳಿಸಿದ ಇಳಿಜಾರು ಇದನ್ನೇ ಸಣ್ಣ ಪ್ರಮಾಣದಲ್ಲಿ ಪ್ರತಿ ಮಳೆಗೂ ಮಾಡುತ್ತವೆ. ಹಾಗೆಂದು ಮಣ್ಣಿನ ಜೊತೆ ಮರಳನ್ನೂ ಯಂತ್ರ ಹಾಕಿ ಎತ್ತಿದರೆ ಮಡು ಆಳವಾಗುತ್ತದೆಂದು ತಿಳಿಯಬಾರದು. ಬಾಲದ ಹೊಸ್ತಿಲನ್ನೇ ಕಿತ್ತು ಒಯ್ದರೆ ತಡೆಯಿಲ್ಲದೆ ಮಡುವಿನ ನೀರೇ ಇಳಿದುಹೋಗುತ್ತದೆ. ಕಳೆಯುವ ಲೆಕ್ಕ ಇಲ್ಲೂ ತಪ್ಪದು.

ಒಂದು ಮಡುವನ್ನು ಒಂಟಿಯಾಗಿ ತೂಗುವುದೂ ಸರಿಯಲ್ಲ. ಹೊಳೆಯಲ್ಲಿ ಮಡು, ಕಲ್ಲುಸಾಲು, ಮತ್ತೆ ಮಡು ಹೀಗೆ ಒಂದು ತಾಳ ಇರುತ್ತದೆ. ಹೊಳೆಯ ಅಗಲದ 5ರಿಂದ 7 ಪಟ್ಟು ದೂರಕ್ಕೊಂದರಂತೆ ಮಡುಗಳು ಬರುತ್ತವೆಂದು ಹೊಳೆಗಳನ್ನು ಅಳೆದವರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಬಂಡೆಗಳೇ ಹೆಚ್ಚಿರುವ ಕಡಿದಾದ ಹಳ್ಳಗಳಲ್ಲಿ ಅವು ಇನ್ನೂ ಹತ್ತಿರ. ಮಳೆ ಹಿಡಿದೊಡನೆ ಮಹಶೀರ್ ಮೊಟ್ಟೆಯಿಡಲು ಮೇಲಕ್ಕೆ ಹತ್ತುತ್ತದೆ, ನೀರು ಇಳಿಯುವಾಗ ಮರಳುತ್ತದೆ. ಆ ಹಾದಿಯಲ್ಲಿ ಪ್ರತಿ ಮಡುವೂ ಒಂದು ತಂಗುದಾಣ. ಕಿಂಡಿ ಅಣೆಕಟ್ಟಿನ ಹಿಂದೆ ನಿಂತ ನೀರು ನೋಡಲು ಮಡುವಿನಂತೆಯೇ ಇದ್ದರೂ ಹಲಗೆ ಹಾಕಿದಷ್ಟು ದಿನ ಮೀನಿಗೆ ದಾರಿ ಬಂದ್. ಅದಕ್ಕೆ ನುಗ್ಗುವ ತಲೆಯಿಲ್ಲ, ಜಲ್ಲಿಯ ಬಾಲವಿಲ್ಲ. ತಳದಲ್ಲಿ ಹೂಳು ಮಾತ್ರ ಬೆಳೆಯುತ್ತದೆ. ತೋಟಕ್ಕೆ ಅದು ಉಪಕಾರಿ ನಿಜ, ಮಡುವಿನ ಜಾಗವನ್ನು ಮಾತ್ರ ತುಂಬಲಾರದು.

ನಮ್ಮ ಹಿರಿಯರು ಎಲ್ಲೆಲ್ಲಿ ಮೀನಿಗೆ ಅಭಯ ಕೊಟ್ಟರೆಂದು ನೋಡಿದರೆ ಅವರ ಕಣ್ಣಿನ ಬಗ್ಗೆ ಗೌರವ ಹುಟ್ಟುತ್ತದೆ. ತುಂಗೆಯಲ್ಲಿ ಶೃಂಗೇರಿ, ಅದೇ ನದಿಯಲ್ಲಿ ಕೆಳಗೆ ತೀರ್ಥಹಳ್ಳಿಯ ಚಿಪ್ಪಲಗುಡ್ಡೆ, ಕಾವೇರಿಯಲ್ಲಿ ರಾಮನಾಥಪುರ, ಸುಳ್ಯದ ತೊಡಿಕಾನ, ಕಪಿಲೆಯಲ್ಲಿ ಶಿಶಿಲ. ಬೇಸಿಗೆಯಲ್ಲೂ ಮೀನು ಉಳಿಯುವ ನೀರು ಸಿಕ್ಕಲ್ಲಿ ಭಕ್ತಿ ಬೇಲಿ ಕಟ್ಟಿದೆ. ಭಕ್ತಿಯಿಲ್ಲದ ಕಡೆ ಏನಾಗುತ್ತಿತ್ತೆಂಬುದನ್ನೂ ಇತಿಹಾಸ ಬರೆದಿಟ್ಟಿದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ 1870ರಲ್ಲಿ ಜಿಲ್ಲೆಯ ಮೀನುಗಳ ಸ್ಥಿತಿಯ ಬಗ್ಗೆ ವರದಿ ಬರೆದರು. ನೀರಿಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದನ್ನು 1897ರ ಮೀನುಗಾರಿಕೆ ಕಾಯ್ದೆ ಅಪರಾಧವೆಂದು ಸಾರಿತು. ಕಾಯ್ದೆಯಾಗಿ ನೂರು ವರ್ಷ ತುಂಬುವ ಹೊತ್ತಿಗೆ, 1996ರಲ್ಲಿ, ಶಿಶಿಲದ ನೀರಿಗೇ ದುರುಳರು ವಿಷ ಬೆರೆಸಿದರು. ಸಾವಿರಾರು ಮೀನು ಸತ್ತವು. ಊರಿನವರು ಅವುಗಳಿಗೆ ಸ್ಮಾರಕ ಕಟ್ಟಿದರು. ಮಡುವಿನ ಗುಣ ಕೆಟ್ಟಿರಲಿಲ್ಲವಾದ್ದರಿಂದ ಅಲ್ಲಿ ಮೀನು ಮತ್ತೆ ತುಂಬಿಕೊಂಡಿತು. ಆಳ, ಮರೆ, ತಂಪು, ಕಲ್ಲಿನ ತಳ ಇರುವ ಮಡು ಸಾವಿನ ಮೇಲೂ ಬದುಕನ್ನು ಕರೆದು ತರಬಲ್ಲದು. ಮೀನು ಸತ್ತರೆ ಮೀನು ಬಂದೀತು. ಮಡುವೇ ಸತ್ತರೆ ಬಂದ ಮೀನು ನಿಲ್ಲುವುದೆಲ್ಲಿ?

ಕಾಯುವ ಮೊದಲು ಗೊತ್ತಿರಬೇಕು. ದೇವಸ್ಥಾನದ ಪಕ್ಕದ ಮಡುಗಳ ಹೆಸರು ನಮಗೆ ಗೊತ್ತು. ಅವುಗಳ ಮೇಲಿನ, ಕೆಳಗಿನ ಮಡುಗಳು ತೋಟದ ಹಿಂದೆ, ಕಾಡಿನ ಒಳಗೆ, ಯಾರ ಲೆಕ್ಕಕ್ಕೂ ಸಿಗದೆ ಉಳಿದಿವೆ. ಯಾವುದರಿಂದ ಎಷ್ಟು ಪಂಪು ನೀರೆಳೆಯುತ್ತದೆ, ಯಾವುದರ ದಡದ ಮರ ಹೋಯಿತು, ಯಾವುದರ ತಳಕ್ಕೆ ಹೂಳು ಬಂತು ಎಂದು ಹೇಳಬಲ್ಲವರು ಕಡಿಮೆಯಾಗುತ್ತಿದ್ದಾರೆ. ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ಅಡಿ ಗುರುತಿನ ಒಂದು ಬಿದಿರು ಕೋಲು, ಒಂದು ಹಗ್ಗ, ಒಂದು ಕಬ್ಬಿಣದ ಸರಳು, ಒಂದು ನೋಟ್‌ಪುಸ್ತಕ ಸಾಕು. ಹೊಳೆಬದಿಯ ಶಾಲೆಯ ಮಕ್ಕಳು ಹಿರಿಯರೊಬ್ಬರ ಜೊತೆ ಏಪ್ರಿಲಿನಲ್ಲಿ ಹೋಗಿ ತಮ್ಮೂರಿನ ಮಡುವಿನ ಹೊಸ್ತಿಲು, ಆಳ, ಮರೆ, ತಳ ನಾಲ್ಕನ್ನೂ ಬರೆದಿಟ್ಟು, ಮರುವರ್ಷ ಮತ್ತೆ ಅಳೆದರೆ ಆ ಊರಿಗೆ ತನ್ನ ಹೊಳೆಯ ಆರೋಗ್ಯ ತನ್ನ ಕೈಬರಹದಲ್ಲೇ ಸಿಗುತ್ತದೆ. ಅಳೆದು ನೋಡಿದ ಮಗುವಿಗೆ ಆ ಮಡು ಇನ್ನು ಬರೀ ನೀರಾಗಿ ಕಾಣದು. ಚೆಂದವನ್ನು ವಿವರ ವಿವರವಾಗಿ ಅರಿತವರೇ ಅದು ಕೆಡುವಾಗ ಎಲ್ಲರಿಗಿಂತ ಮೊದಲು ಗುರುತಿಸುತ್ತಾರೆ, ಬೇಡ ಎನ್ನುವ ಧೈರ್ಯವೂ ಅವರಿಗೇ ಬರುತ್ತದೆ.